ಎರಡು ಸೀಟಾ, ನಾಕು ಸೀಟಾ?

ಇವತ್ತು ಕಾರಿನ ಬಗ್ಗೆ ಬರೀತಿದ್ದೇನೆ. ನಗಬ್ಯಾಡ್ರಿ. ಸ್ವಲ್ಪ ಉದ್ದ ಆಗೇದ, ಸಾವಕಾಶ ಓದ್ರಿ.

ನಮ್ಮ ಅಕ್ಕನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೆಂಡತಿಯೂ ದುಡೀತಾಳೆ. ಮನೆ ಸಾಲ ತೀರಿದೆ. ಹೋದ ವಾರ ಫೋನ್ ಮಾಡಿದ. "ಮಾಮಾ, ಬಿಎಂಡಬ್ಲ್ಯೂದಾಗ ಎರಡು ಗಾಡಿ ನೋಡೇನಿ. ಒಂದು ಝಡ್4, ಎರಡೇ ಸೀಟು, ಮ್ಯಾಲಿನ ಛತ್ತು ತೆಗೀಲಾಕ ಬರತದ. ಇನ್ನೊಂದು ಎಂ340ಐ, ನಾಕು ಬಾಗಿಲದ್ದು. ಯಾವುದು ತಗೋಲಿ?"

ನಾನು ಆಫೀಸಿನಲ್ಲಿ ಎಸ್‌ಡಿಎ. ನನ್ನ ಹತ್ರ ಇರೋದು ಹನ್ನೊಂದು ವರ್ಷದ ಹಳೇ ಸ್ಪ್ಲೆಂಡರ್. ಆದರೂ ನಂಬಿ ಕೇಳಿದ್ದಾನೆ. ಫೈಲ್ ನೋಡಿದಂಗೆ ಎರಡನ್ನೂ ಕೂತು ನೋಡಿದೆ.

ಎರಡರಲ್ಲೂ 3 ಲೀಟರಿನ, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ನಿಂತಲ್ಲಿಂದ 100 ಕಿ.ಮೀ. ವೇಗ ಮುಟ್ಟಲು ಸೆಡಾನಿಗೆ 4.4 ಸೆಕೆಂಡು, ಎರಡು ಸೀಟಿನದಕ್ಕೆ 4.5. ಅಂದ್ರೆ ವೇಗದಲ್ಲಿ ಹೆಚ್ಚುಕಮ್ಮಿ ಇಲ್ಲ. ಸೆಡಾನ್ ಚೆನ್ನೈನಲ್ಲಿ ಜೋಡಣೆ ಆಗತದ, ನಾನು ನೋಡಿದಾಗ ಬೆಲೆ 70 ಲಕ್ಷದ ಆಚೀಚೆ ಇತ್ತು. ಝಡ್4 ಆಸ್ಟ್ರಿಯಾದಲ್ಲಿ ತಯಾರಾಗಿ ಇಡೀ ಗಾಡಿಯೇ ಹಡಗಿನಲ್ಲಿ ಬಂದದ್ದು. ಆಮದು ಸುಂಕ ಕೂಡಿ ಆಗ 90 ಲಕ್ಷದ ಹತ್ತಿರ ಹೋಗತಿತ್ತು. ಸೀಟು ಕಡಿಮೆ, ಛತ್ತು ಬಟ್ಟೆಯದು, ರೊಕ್ಕ ಮಾತ್ರ ಹೆಚ್ಚು.

ಇದನ್ನ ಅಕ್ಕನಿಗೆ ಹೇಳಿದರೆ ಬಿದ್ದುಬಿದ್ದು ನಕ್ಕಳು. "ಇಂಡಿ ಕಡೆ ನಿಂಬಿ ತ್ವಾಟಕ್ಕ ಕೂಲಿಗಿ ಹೋಗುವಾಗ ಟ್ರ್ಯಾಕ್ಟರ್ ಟ್ರಾಲ್ಯಾಗ ನಮಗೂ ಛತ್ತ ಇರ್ಲಿಲ್ಲೋ ತಮ್ಮಾ. ಅದಕ್ಕ ಯಾರೂ ಹೆಚ್ಚಿಗಿ ರೊಕ್ಕ ಕೇಳಿರ್ಲಿಲ್ಲ."

ಸಿಂದಗಿಯ ಚಾದಂಗಡಿಯಲ್ಲಿ ನಮ್ಮ ಕಾಮ್ರೇಡ್‌ಗಳ ಮುಂದೆ ಈ ಮಾತು ತೆಗೆದೆ. ಒಬ್ಬರೂ ನಗಲಿಲ್ಲ. "70 ಲಕ್ಷದಾಗ ಒಂದು ಗ್ರಂಥಾಲಯ ಆಗತದ." "ನಮ್ಮ ಮಂದಿ ಇನ್ನೂ ಗೋವಾಕ್ಕ ಗುಳೆ ಹೋಗಾಕತ್ತಾರ." "ಸಮಾಜದ ಋಣ ಮರತಾನ ನಿಮ್ಮ ಹುಡುಗ." ಅವರ ಸಿಟ್ಟು ನನಗೆ ಗೊತ್ತಾಗತದ. ಮುದ್ದೇಬಿಹಾಳದ ಕಡೆಯಿಂದ ಕ್ರೂಸರ್ ತುಂಬಿ ಗುಳೆ ಹೋಗುವವರನ್ನ ನಾನೂ ನೋಡೇನಿ. ನಮ್ಮ ಹುಡುಗ ಕೇರಿಯ ಮೂರು ಮಕ್ಕಳ ಫೀ ಕಟ್ಟತಾನ. ಆದರೆ ಅದನ್ನ ಮುಂದೆ ಇಟ್ಟು ಅವನ ಕಾರಿಗೆ ಪರವಾನಗಿ ಬೇಡೋದು ನನಗೆ ಬೇಕಿಲ್ಲ. ಅದೇ ಊರಿನ ದೊಡ್ಡ ಮನೆಯ ಹುಡುಗ ಫಾರ್ಚೂನರ್ ತಂದಾಗ ಗ್ರಂಥಾಲಯದ ಲೆಕ್ಕ ಯಾರೂ ಕೇಳಲಿಲ್ಲ. ಪೇಡೆ ತಿಂದು ಬಂದ್ವಿ.

ನಮಗೆ ಕಾರು ಸಿಕ್ಕೇ ಇಲ್ಲ ಅಂತಲ್ಲ. ಸರಕಾರ ಕೊಟ್ಟೇದ. "ಐರಾವತ" ಯೋಜನೆಯಲ್ಲಿ ಟ್ಯಾಕ್ಸಿಗೆ 5 ಲಕ್ಷದವರೆಗೆ ಸಹಾಯಧನ ಇತ್ತು. 2023ರ ಬಜೆಟ್ಟಿನಲ್ಲಿ "ಸ್ವಾವಲಂಬಿ ಸಾರಥಿ" ಬಂತು, ಪರಿಶಿಷ್ಟರಿಗೆ ಶೇ. 75, ಹೆಚ್ಚೆಂದರೆ 4 ಲಕ್ಷ. ಒಳ್ಳೆಯ ಯೋಜನೆಗಳೇ. ಎಷ್ಟೋ ಹುಡುಗರ ಅರ್ಜಿ ನಾನೇ ಕೂತು ತುಂಬಿಸಿಕೊಟ್ಟೇನಿ, ಇನ್ನೂ ತುಂಬಿಸತೇನಿ. ಆದರೆ ಹೆಸರು ಒಮ್ಮೆ ನೋಡ್ರಿ: ಸಾರಥಿ. ಅಂದ್ರೆ ಗಾಡಿ ಹೊಡೆಯುವವ ನಮ್ಮವ, ಹಿಂದೆ ಕೂಡುವವ ಬೇರೆಯವ. ನಮ್ಮ ಹುಡುಗ ಹಳದಿ ಬೋರ್ಡಿನ ಗಾಡಿ ತಂದರೆ ಎಲ್ಲರಿಗೂ ಖುಷಿ, "ಪಾಪ, ದುಡಕೊಂಡು ತಿಂತಾನ" ಅಂತಾರ. ಅದೇ ಹುಡುಗ ಬಿಳಿ ಬೋರ್ಡಿನ ಗಾಡಿ, ಅದೂ ಬರೀ ತನ್ನ ಖುಷಿಗೆ ತಂದರೆ, ಎಡಬಲ ಎರಡೂ ಕಡೆಯಿಂದ ಪ್ರಶ್ನೆ ಬರತಾವ.

ಗಾಡಿ ನಮಗೆ ಬರೀ ಗಾಡಿ ಆಗಿದ್ದು ಯಾವಾಗ? ಬಾಬಾಸಾಹೇಬರೇ ಬರೆದಿಟ್ಟಾರ. 1901, ಆಗ ಅವರಿಗೆ ಒಂಬತ್ತು ವರ್ಷ. ಮನೆಯ ಬೇರೆ ಮಕ್ಕಳ ಜೊತೆ ಮಸೂರ ಸ್ಟೇಷನ್ನಿನಲ್ಲಿ ಇಳಿದರು, ತಂದೆಯಿದ್ದ ಕೋರೇಗಾಂವ್‌ಗೆ ಹೋಗಬೇಕಿತ್ತು. ಒಳ್ಳೆಯ ಬಟ್ಟೆ ಹಾಕಿದ್ದ ಈ ಮಕ್ಕಳನ್ನ ಬ್ರಾಹ್ಮಣರ ಮಕ್ಕಳು ಅಂದುಕೊಂಡಿದ್ದ ಸ್ಟೇಷನ್ ಮಾಸ್ತರ, ಮಹಾರರು ಅಂತ ಗೊತ್ತಾದಾಗ ಹಿಂದೆ ಸರಿದ. ಯಾವ ಬಂಡಿಯವನೂ ಒಪ್ಪಲಿಲ್ಲ. ಕಡೆಗೆ ಒಬ್ಬ ಎರಡು ಪಟ್ಟು ಬಾಡಿಗೆಗೆ ಒಪ್ಪಿದ. ಕರಾರು ಏನಂದ್ರೆ, ಮಕ್ಕಳೇ ಬಂಡಿ ಹೊಡೀಬೇಕು, ತಾನು ಜೊತೆಗೆ ನಡೆದು ಬರತಾನ.

ಇಪ್ಪತ್ತೆಂಟು ವರ್ಷದ ಮೇಲೆ, 1929ರಲ್ಲಿ, ಅವರು ಬ್ಯಾರಿಸ್ಟರ್. ಚಾಳೀಸಗಾಂವ್‌ನಲ್ಲಿ ಟಾಂಗಾದವರು ಅಸ್ಪೃಶ್ಯನನ್ನ ಕೂಡಿಸಿಕೊಂಡು ಹೊಡೆಯಲು ಒಪ್ಪಲಿಲ್ಲ. ಟಾಂಗಾ ಬೇಕಾದ್ರೆ ಬಾಡಿಗೆಗೆ ಒಯ್ಯಿರಿ, ನಾವು ಹೊಡೆಯಲ್ಲ ಅಂದರು. ಕೇರಿಯವರೇ ಒಬ್ಬರು ಹೊಡೆದರು, ಅವರಿಗೆ ರೂಢಿ ಇರಲಿಲ್ಲ. ಸೇತುವೆ ಮೇಲೆ ಚಕ್ರ ಸಿಕ್ಕಿಕೊಂಡು ಕುದುರೆ ಮತ್ತು ಟಾಂಗಾ ನದಿಗೆ ಬಿದ್ದವು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲಿನ ಎಲುಬು ಮುರಿಯಿತು. ರೊಕ್ಕ ಇತ್ತು, ಸೀಟು ಇತ್ತು, ಪದವಿ ಇತ್ತು. ಜೊತೆಗೆ ಕೂಡುವ ಮನುಷ್ಯ ಇರಲಿಲ್ಲ.

ಇದು ಹಳೇ ಕತೆ ಅನ್ನುವವರು ನಮ್ಮ ಜಿಲ್ಲೆಯನ್ನೇ ನೋಡಲಿ. 2020ರ ಜುಲೈ, ಮುದ್ದೇಬಿಹಾಳದಿಂದ ಒಡೆದು ಆದ ತಾಳಿಕೋಟಿ ತಾಲೂಕಿನ ಮಿಣಜಗಿ. ಮೇಲ್ಜಾತಿಯವರ ಬೈಕ್ ಮುಟ್ಟಿದ ಅಂತ ಒಬ್ಬ ದಲಿತನನ್ನ ಬಟ್ಟೆ ಬಿಚ್ಚಿ ಹೊಡೆದ ಆರೋಪದ ಮೇಲೆ ಕೇಸಾಯಿತು. ಹತ್ತಿ ಓಡಿಸಿದ್ದಲ್ಲ, ಬರೀ ಮುಟ್ಟಿದ್ದು. ಬಸವಣ್ಣ ಹುಟ್ಟಿದ ಬಾಗೇವಾಡಿಯಿಂದ ಅದೇನು ದೂರದ ನಾಡಲ್ಲ.

ನಮ್ಮ ಮನೆಯ ಮಾತಿಗೆ ಬರತೇನಿ. ಈ ಹುಡುಗನ ಅಪ್ಪ, ನಮ್ಮ ಭಾವ, ಇಪ್ಪತ್ತು ವರ್ಷ ಟಂಟಂ ಹೊಡೆದಾಂವ. ಊರಿಂದ ಸಿಂದಗಿಗೆ, ಸಿಂದಗಿಯಿಂದ ಊರಿಗೆ. ಸಂತೆ ದಿನ ಹದಿನಾಲ್ಕು ಮಂದಿ. ಆದರೆ ಕೆಲವರು ಅವನ ಗಾಡಿ ಹತ್ತುತ್ತಿರಲಿಲ್ಲ. ಬಿಸಿಲಾಗ ಅರ್ಧ ತಾಸು ನಿಂತು ಮುಂದಿನ ಗಾಡಿಗೆ ಹೋಗತಿದ್ದರು. ಬಾಯಿಬಿಟ್ಟು ಏನೂ ಅನ್ನತಿರಲಿಲ್ಲ. "ನೀ ನಡಿ, ನಾವು ಆಮ್ಯಾಲ ಬರತೀವಿ" ಅಷ್ಟೇ. ಸೀಟು ಖಾಲಿ ಇದ್ದಾಗಲೇ ಭಾವನಿಗೆ ಊರು ಗೊತ್ತಾಗುತ್ತಿತ್ತು.

ಮಗ ಅದೇ ಟಂಟಂನಲ್ಲಿ ಬೆಳೆದಾಂವ. ಅವನಿಗೆ ಎರಡು ಸೀಟಿನ ಗಾಡಿಯ ಮೇಲೇ ಯಾಕೆ ಮನಸ್ಸು ಅಂತ ಕೇಳಿದೆ. ಅವನು ಹೇಳಿದ್ದು ಕೇಳ್ರಿ. "ಮಾಮಾ, ಸಣ್ಣಾಂವ ಇದ್ದಾಗಿಂದ 'ಅತ್ತಾಗ ಸರಿ, ಅತ್ತಾಗ ಸರಿ' ಅನ್ನೋದೇ ಕೇಳೇನಿ. ಬಸ್ಸಿನ್ಯಾಗ, ಹಾಸ್ಟೆಲ್‌ನ್ಯಾಗ, ಆಫೀಸಿನ ಮೀಟಿಂಗ್‌ನ್ಯಾಗೂ. ಯಾರೂ ಅತ್ತಾಗ ಸರಿ ಅನ್ನಲಾರದ ಸೀಟು ಒಂದು ಬೇಕಾಗೇದ ನನಗ."

ಚಾದಂಗಡಿಯ ನಮ್ಮ ಕಾಮ್ರೇಡ್‌ಗಳಿಗೆ ಇದಕ್ಕಿಂತ ದೊಡ್ಡ ಉತ್ತರ ನನ್ನ ಹತ್ತಿರ ಇಲ್ಲ. ಯಾರ ಉಪಯೋಗಕ್ಕೂ ಬಾರದ, ಬರೀ ಚಂದದ ಒಂದು ವಸ್ತು ಬೇಕು ಅನ್ನೋ ಹಕ್ಕು ನಮಗೂ ಅದ. ಸರಳತೆ ಒಳ್ಳೆಯದೇ. ಆದರೆ ಎಲ್ಲಾ ಇದ್ದೂ ಬಿಟ್ಟವನ ಸರಳತೆ ಬೇರೆ, ಕೊಡದೇ ಇಟ್ಟವನ ಬಡತನ ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬ್ಯಾಡ್ರಿ.

ಇಷ್ಟೆಲ್ಲಾ ಹೇಳಿಯೂ ನಾನು ಅವನಿಗೆ ಹೇಳಿದ್ದು: "ತಮ್ಮಾ, ನಾಕು ಬಾಗಿಲದ್ದು ತಗೋ."

ಉಳಿತಾಯಕ್ಕಲ್ಲ, ತ್ಯಾಗಕ್ಕೂ ಅಲ್ಲ. ವೇಗ ಎರಡರಲ್ಲೂ ಅದ. ಬೆಂಗಳೂರಿಂದ ಚಿತ್ರದುರ್ಗ, ಹೊಸಪೇಟೆ, ಆಲಮಟ್ಟಿ ದಾಟಿ ವಿಜಯಪುರದವರೆಗೆ ಎರಡೂ ಚಂದ ಓಡತಾವ. ಹೆದ್ದಾರಿ ಬಿಟ್ಟು ಊರ ಹಾದಿ ಹಿಡಿದ ಮೇಲೆ, ಹಂಪಿನಲ್ಲಿ ಎರಡರ ಹೊಟ್ಟೆಯೂ ಒರೆಸೋದೇ. ನಾನು ಹೇಳಿದ್ದು ಹಿಂದಿನ ಸೀಟಿಗಾಗಿ. ಒಂದು, ಇಪ್ಪತ್ತು ವರ್ಷ ಮಂದಿಯನ್ನ ಹಿಂದೆ ಕೂಡಿಸಿಕೊಂಡು ಹೊಡೆದ ನಮ್ಮ ಭಾವ ಒಮ್ಮೆ ಹಿಂದೆ ಕೂಡಲಿ. ಅಕ್ಕ ಪಕ್ಕದಲ್ಲಿರಲಿ, ಮಗ ಹೊಡೀಲಿ. ಎರಡು ಸೀಟಿನ ಗಾಡಿಯಲ್ಲಿ ಗಂಡ ಹೆಂಡತಿ ಬಂದರೆ ಅವ್ವ ಅಪ್ಪ ಮತ್ತೆ ಟಂಟಂನಲ್ಲೇ ಬರಬೇಕು.

ಎರಡನೆಯದು, ಎರಡು ಸೀಟಿನ ಗಾಡಿಯಲ್ಲಿ ಜಾತಿ ಬಯಲಿಗೆ ಬರೋದಿಲ್ಲ. "ಜಾಗ ಇಲ್ರಿ" ಅಂದ್ರೆ ಮುಗೀತು, ಅವರಿಗೂ ಪಾರು, ನಮಗೂ ಪಾರು. ನಾಕು ಸೀಟಿದ್ದರೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದು ಕರೀಬಹುದು. ಬಿಸಿಲಾಗ ನಿಂತವರು ಬಂದು ಕೂಡತಾರೋ, "ನೀವು ನಡೀರಿ, ನಾವು ಆಮ್ಯಾಲ ಬರತೀವಿ" ಅಂತಾರೋ, ಅದು ಆ ಬಾಗಿಲಲ್ಲೇ ಗೊತ್ತಾಗತದ.

"ನೋಡತೇನಿ ಮಾಮಾ" ಅಂದಾನ. ಇನ್ನೂ ಬುಕ್ ಮಾಡಿಲ್ಲ. ಎರಡು ಸೀಟಿಂದೇ ತಂದರೂ ನನಗೆ ಬ್ಯಾಸರ ಇಲ್ಲ. ಎರಡನೇ ಸೀಟಿಗೆ ನಾನೇ ಮೊದಲು ಪಾಳಿ ಹಚ್ಚೇನಿ.

ಕಾಮ್ರೇಡ್‌ಗಳಿಗೆ ಒಂದೇ ಮಾತು: ಏಪ್ರಿಲ್ 14ಕ್ಕೆ ಅವನು ಯಾವುದೇ ಗಾಡಿ ತಂದರೂ ಲೆಕ್ಕ ಕೇಳಬ್ಯಾಡ್ರಿ, ಪೇಡೆ ಕೇಳ್ರಿ. ನನ್ನ ಪೋಸ್ಟುಗಳಿಗೆ ತಪ್ಪದೆ ಲೈಕ್ ಒತ್ತುವ ಸವರ್ಣ ಗೆಳೆಯರಿಗೂ ಒಂದು ಮಾತು: ನಾಕು ಬಾಗಿಲದ್ದು ಬಂದರೆ, ಊರ ಅಗಸಿಯ ಮುಂದೆ, ನಾಕು ಮಂದಿ ನೋಡುವಾಗ ಗಾಡಿ ನಿಲ್ಲಿಸಿ ಕರೀತೀವಿ. ಬರ್ರಿ, ಕೂಡ್ರಿ. ಸಿಂದಗಿತನಕ ಬಿಡತೀವಿ.

ಜೈಭೀಮ್.