ಹಿಮದಲ್ಲಿಟ್ಟ ನಿಕ್ಷೇಪ

ಧರ್ಮಶಾಸ್ತ್ರಕಾರರು ಎಣಿಸಿರುವ ಹದಿನೆಂಟು ವ್ಯವಹಾರಪದಗಳಲ್ಲಿ ನಿಕ್ಷೇಪವೆಂಬುದೂ ಒಂದು. ನಂಬಿಕೆಯಿಂದ ಒಬ್ಬರ ವಶದಲ್ಲಿರಿಸಿದ ವಸ್ತುವಿಗೆ ಆ ಹೆಸರು. ಇಟ್ಟವನು ಕೇಳಿದಾಗ ಇಟ್ಟಂತೆಯೇ ಹಿಂದಿರುಗಿಸುವುದು ಇರಿಸಿಕೊಂಡವನ ಧರ್ಮ. ಪಾಠಶಾಲೆಯಲ್ಲಿ ನಾವು ಈ ಶಬ್ದವನ್ನು ಹೊನ್ನು, ಒಡವೆ, ಧಾನ್ಯಗಳ ಉದಾಹರಣೆಯಿಂದಲೇ ಬೋಧಿಸುತ್ತಿದ್ದೆವು. ಹುಟ್ಟಲಿರುವ ಕೂಸನ್ನೂ ನಿಕ್ಷೇಪವಾಗಿಡುವ ಕಾಲ ಬಂದಿರುವುದನ್ನು ನಮ್ಮ ಶಿಷ್ಯನೊಬ್ಬನ ಮನೆಯಲ್ಲಿ ಕಂಡೆವು.

ಆತನ ಪತ್ನಿಗೆ ಇಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರ್ ತೋರಿತು. ಅದಕ್ಕೆ ಕೊಡುವ ತೀಕ್ಷ್ಣೌಷಧಗಳು ಅಂಡಾಶಯವನ್ನೂ ಕೆಡಿಸಬಹುದೆಂದು ತಿಳಿಸಿದ ವೈದ್ಯರು, ಚಿಕಿತ್ಸೆಗೆ ಮೊದಲೇ ಭ್ರೂಣಗಳನ್ನು ಶೀತದಲ್ಲಿರಿಸುವ ಉಪಾಯವನ್ನು ಸೂಚಿಸಿದರು. ಸುಮಾರು ಎರಡು ವಾರ ಆಕೆ ಸೂಜಿಮದ್ದನ್ನು ಸಹಿಸಿದಳು. ಅನಂತರ ಅಂಡಗಳನ್ನು ಹೊರತೆಗೆದು, ಗಾಜಿನ ತಟ್ಟೆಯಲ್ಲಿ ಪತಿಯ ವೀರ್ಯದೊಡನೆ ಕೂಡಿಸಿದರು. ಐದು ಭ್ರೂಣಗಳು ದೊರೆತುವು.

ನೀರು ಹೆಪ್ಪುಗಟ್ಟಿ ಹರಳಾದರೆ ಜೀವಕೋಶವು ಸೀಳಿಹೋಗುವುದು. ಆದುದರಿಂದ ಕೋಶದೊಳಗಣ ನೀರನ್ನು ಬಹುಮಟ್ಟಿಗೆ ತೆಗೆದು, ರಕ್ಷಕದ್ರವವನ್ನು ಸೇರಿಸಿ, ಕ್ಷಣಮಾತ್ರದಲ್ಲಿ ಗಾಜಿನಂತೆ ಗಟ್ಟಿಮಾಡಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿರುವ ದ್ರವ ನೈಟ್ರೋಜನ್ನಿನಲ್ಲಿ ಇರಿಸುವರು. ಅಲ್ಲಿ ಬೆಳವಣಿಗೆಯೂ ಇಲ್ಲ, ಮುಪ್ಪೂ ಇಲ್ಲ. ಆದರೆ ತಾಯಿಯ ವಯಸ್ಸು ನಿಲ್ಲದು. ಕರಗಿಸಿದ ಭ್ರೂಣವೆಲ್ಲವೂ ಕೂಸಾಗುವುದೆಂಬ ಭರವಸೆಯೂ ಇಲ್ಲ.

ಈ ವಿದ್ಯೆಯ ಮೊದಲಿಗರಲ್ಲಿ ನಮ್ಮ ದೇಶದವರೊಬ್ಬರಿದ್ದರೆಂಬುದನ್ನು ವಾಚಕರು ಅರಿಯಬೇಕು. 1978ನೆಯ ಜುಲೈ 25ರಂದು ಇಂಗ್ಲೆಂಡಿನಲ್ಲಿ, ಗರ್ಭಾಶಯದ ಹೊರಗೆ ಅಂಕುರಿಸಿದ ಮೊದಲ ಶಿಶು ಜನಿಸಿತು. ಅದೇ ವರ್ಷ ಅಕ್ಟೋಬರ್ 3ರಂದು ಕಲ್ಕತ್ತೆಯಲ್ಲಿ ಹುಟ್ಟಿದ ಹೆಣ್ಣುಮಗುವು, ತಾನು 53 ದಿನ ಶೀತದಲ್ಲಿಟ್ಟಿದ್ದ ಭ್ರೂಣದಿಂದ ಬಂದುದೆಂದು ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರು ಸಾರಿದರು. ಸರಕಾರದ ಸಮಿತಿಯು ನಂಬಲಿಲ್ಲ. 1981ರಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. 1986ರಲ್ಲಿ ಮುಂಬಯಿಯಲ್ಲಿ ಡಾಕ್ಟರ್ ಇಂದಿರಾ ಹಿಂದುಜಾ ಅವರೊಡನೆ ಇಂತಹ ಶಿಶುವಿನ ಜನನಕ್ಕೆ ಕಾರಣರಾಗಿ, ದೇಶದಲ್ಲಿ ಮೊದಲಿಗರೆನಿಸಿದ್ದ ಟಿ. ಸಿ. ಆನಂದಕುಮಾರರು, ಮುಖೋಪಾಧ್ಯಾಯರ ಬರಹಗಳನ್ನು ಪರೀಕ್ಷಿಸಿ, 1997ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಆ ಮೊದಲಿಗತನವು ಅವರದೇ ಎಂದು ಬರೆದರು. ತಮಗೆ ಸಂದಿದ್ದ ಕೀರ್ತಿಯನ್ನು ನಿಕ್ಷೇಪದಂತೆ ಒಡೆಯನಿಗೆ ಒಪ್ಪಿಸಿದ ಆ ನಡತೆಗೆ ನಾವು ತಲೆಬಾಗುವೆವು.

ನಮ್ಮ ಶಿಷ್ಯನ ಪತ್ನಿ ಗುಣಹೊಂದಿದಳು. ಕೆಲವು ವರ್ಷಗಳ ತರುವಾಯ ಇರಿಸಿದ ಮೊದಲನೆಯ ಭ್ರೂಣವು ನಿಲ್ಲಲಿಲ್ಲ, ಎರಡನೆಯದು ಹೆಣ್ಣುಕೂಸಾಯಿತು. ಉಳಿದುವು ಮೂರು. ದಂಪತಿಗಳಿಗೆ ಮತ್ತೆ ಮಗು ಬೇಡ. ಆತನ ವೃದ್ಧಮಾತೆಯು ಮಾತ್ರ, "ಮೇಷ್ಟ್ರೇ, ಅವನ್ನು ಬಿಟ್ಟುಬಿಟ್ಟರೆ ಭ್ರೂಣಹತ್ಯೆಯ ದೋಷ ಬಾರದೇ?" ಎಂದು ಕಣ್ಣೀರಿಟ್ಟರು.

ಗರ್ಭೋಪನಿಷತ್ತು ಒಂದು ರಾತ್ರಿಯ ಗರ್ಭವನ್ನು ಕಲಲವೆಂದೂ ಏಳು ರಾತ್ರಿಗಳದನ್ನು ಬುದ್ಬುದವೆಂದೂ ಕರೆಯುವುದು. ಬುದ್ಬುದವೆಂದರೆ ನೀರ್ಗುಳ್ಳೆ. ಆದರೆ ಶೀತದ ಭ್ರೂಣವನ್ನು ಕಾಣದ ಗ್ರಂಥದಿಂದ ಅದರ ತೀರ್ಪನ್ನು ಹಿಂಡುವುದು ಪಾಂಡಿತ್ಯವಲ್ಲ. ಆಕೆಗೆ ನಾವು ಹೇಳಿದುದಿಷ್ಟು: "ಅಮ್ಮಾ, ತಾಯಿಯ ಒಡಲಿನಲ್ಲಿಯೇ ಎಷ್ಟೋ ಅಂಕುರಗಳು ಯಾರಿಗೂ ತಿಳಿಯದಂತೆ ನಿಲ್ಲದೆ ಹೋಗುತ್ತವೆ. ಕೊಲ್ಲಬೇಕೆಂಬ ಮನಸ್ಸು ಈ ಮನೆಯಲ್ಲಿ ಯಾರಿಗೂ ಇರಲಿಲ್ಲ. ಒಂದು ಕೂಸು ಬದುಕಲೆಂದೇ ಐದನ್ನು ಕಾಪಾಡಿದಿರಿ. ನಿಮ್ಮ ದುಃಖ ಸಹಜವೇ; ಅದನ್ನು ಸೊಸೆಯ ತಲೆಗೆ ದೋಷವೆಂದು ಹೊರಿಸಬೇಡಿರಿ."

2021ರ ಕಾಯಿದೆಯಂತೆ ಭ್ರೂಣವನ್ನು 10 ವರ್ಷಕ್ಕಿಂತ ಹೆಚ್ಚು ಇಡಲಾಗದು. ಅನಂತರ ಅದು ತಾನಾಗಿ ಅಳಿಯಲು ಬಿಡಬೇಕು, ಇಲ್ಲವೆ ದಂಪತಿಗಳ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು. ಸೂಜಿಯ ನೋವನ್ನುಂಡ ಆ ಹೆಣ್ಣುಮಗಳು ಎರಡನೆಯದನ್ನು ಆರಿಸಿಕೊಂಡಳು, ಪತಿಯೂ ಒಪ್ಪಿದನು.

ಇಂತಹ ನಿಕ್ಷೇಪವನ್ನಿಡುವ ಗೃಹಸ್ಥರಿಗೆ ನಮ್ಮ ವಿಜ್ಞಾಪನೆಯೊಂದುಂಟು. ಇಬ್ಬರಲ್ಲೊಬ್ಬರು ತೀರಿಕೊಂಡರೆ, ಇಬ್ಬರೂ ಅಗಲಿದರೆ, ಬಯಸಿದ ಕೂಸು ಬಂದಮೇಲೂ ಮಿಕ್ಕರೆ ಏನು ಮಾಡತಕ್ಕದ್ದೆಂಬುದನ್ನು ಇಡುವ ದಿನವೇ ಕುಳಿತು ಮಾತನಾಡಿಕೊಳ್ಳಿರಿ. ಸಹಿ ಹಾಕುವ ಕಾಗದವನ್ನು ಓದಿ ಸಹಿ ಹಾಕಿರಿ. ಹಿಮವು ಭ್ರೂಣವನ್ನು ಕಾಯಬಲ್ಲುದು. ನಿಶ್ಚಯಿಸುವ ಭಾರವು ಮನುಷ್ಯರದೇ.