ಕುದುರೆಗಳು ಬಿಟ್ಟುಹೋದ ದಾರಿ

ಜರ್ಮನಿಯ ಅಂಚಿನಲ್ಲಿ, ಆಸ್ಟ್ರಿಯಾದ ಗಡಿಗೆ ತಾಗಿಕೊಂಡಂತಿರುವ ಪಸ್ಸಾವ್ ಊರಿನಲ್ಲಿ ಮೂರು ಹೊಳೆಗಳು ಕೂಡುತ್ತವೆ. ಉತ್ತರದ ಕಾಡುಗಳಿಂದ ಕಪ್ಪಗೆ ಇಳಿದು ಬರುವುದು ಇಲ್ಜ್. ಆಲ್ಪ್ಸ್‌ನ ಹಿಮ ಕರಗಿದ ನೀರನ್ನು ಹೊತ್ತು ಹಸಿರಾಗಿ ಬರುವುದು ಇನ್. ನಡುವೆ ಡ್ಯಾನ್ಯೂಬ್. ಸಂಗಮ ದಾಟಿದ ಮೇಲೂ ಸ್ವಲ್ಪ ದೂರ ಮೂರೂ ತಮ್ಮ ತಮ್ಮ ಬಣ್ಣ ಬಿಡದೆ ಹರಿಯುವುದನ್ನು ಗುಡ್ಡದ ಮೇಲಿನ ಕೋಟೆಯಿಂದ ನೋಡಬಹುದು.

ಬೇಸಿಗೆಯ ಬೆಳಿಗ್ಗೆ ಈ ಊರಿನಿಂದ ಸೈಕಲ್ಲುಗಳ ಸಾಲು ಹೊರಡುತ್ತದೆ. ಹಿಂದಿನ ಚಕ್ರದ ಎರಡೂ ಬದಿಗೆ ಜೋತುಬಿದ್ದ ಚೀಲ, ಹ್ಯಾಂಡಲ್ಲಿನ ಮೇಲೆ ಮಡಿಸಿಟ್ಟ ನಕ್ಷೆ. ಪಂದ್ಯದ ಸವಾರರು ಇವರಲ್ಲಿ ಕಡಿಮೆ. ನಿವೃತ್ತಿಯಾದ ದಂಪತಿಗಳು, ಪುಟ್ಟ ಮಕ್ಕಳನ್ನು ಸೈಕಲ್ಲಿಗೆ ಕಟ್ಟಿದ ಗಾಡಿಯಲ್ಲಿ ಕೂರಿಸಿಕೊಂಡ ಅಪ್ಪ ಅಮ್ಮಂದಿರು, ರಜೆಯಲ್ಲಿರುವ ವಿದ್ಯಾರ್ಥಿಗಳು. ಗುರಿ ವಿಯೆನ್ನಾ. ದೂರ ಮುನ್ನೂರು ಚಿಲ್ಲರೆ ಕಿಲೋಮೀಟರು. ಒಂದು ವಾರದಲ್ಲಿ ಆರಾಮವಾಗಿ ಮುಗಿಯುತ್ತದೆ. ಅಷ್ಟು ದೂರಕ್ಕೂ ಏರು ಎಂಬುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಬೆನ್ನಿಗೆ ಬಹಳ ಸಲ ಪಶ್ಚಿಮದ ಗಾಳಿ. ಬಹುಪಾಲು ದೂರ ಕಾರು ಲಾರಿಗಳ ಕಾಟವೂ ಇಲ್ಲ.

ಸೈಕಲ್ಲಿಗಾಗಿಯೇ ಇಂಥ ದಾರಿಯನ್ನು ಯಾರೂ ಕಡಿಯಲಿಲ್ಲ. ಇದು ಕುದುರೆಗಳ ದಾರಿ. ಇಂಜಿನ್ನು ಬರುವ ಮುಂಚೆ ಹೊಳೆಯ ಇಳಿತಕ್ಕೆ ಹೋಗುವ ದೋಣಿಗೆ ಪ್ರವಾಹವೇ ಸಾಕಿತ್ತು. ಮರಮುಟ್ಟು, ಉಪ್ಪು ಹಾಗೆ ಕೆಳಗೆ ಹೋಗುತ್ತಿದ್ದವು. ಎಷ್ಟೋ ದೋಣಿಗಳನ್ನು ಊರು ತಲುಪಿದ ಮೇಲೆ ಒಡೆದು ಹಲಗೆಯ ಬೆಲೆಗೆ ಮಾರಿಬಿಡುತ್ತಿದ್ದರು, ಏಕೆಂದರೆ ವಾಪಸು ತರುವುದೇ ಕಷ್ಟ. ಆದರೆ ಹಂಗೆರಿಯ ದವಸ, ಕೆಳನಾಡಿನ ದ್ರಾಕ್ಷಾರಸ ಮೇಲಕ್ಕೆ ಬರಲೇಬೇಕಲ್ಲ! ಅದಕ್ಕೆ ದಂಡೆಯ ಗುಂಟ ಕುದುರೆಗಳ ಸಾಲು ಹಗ್ಗ ಹಿಡಿದು ದೋಣಿಗಳನ್ನು ಎಳೆಯುತ್ತಿತ್ತು. ದೊಡ್ಡ ತಂಡವಾದರೆ ಹತ್ತಾರು ಕುದುರೆಗಳು, ಅವುಗಳ ಮೇಲೆ ಸವಾರರು, ದೋಣಿಯಲ್ಲಿ ಅಡುಗೆಯವನಿಂದ ಹಿಡಿದು ಚುಕ್ಕಾಣಿಯವನವರೆಗೆ ಒಂದು ಸಣ್ಣ ಊರಿನಷ್ಟು ಜನ. ಈ ಎಳೆದಾರಿಗೆ ಅಲ್ಲಿನವರು ಟ್ರೆಪ್ಪೆಲ್‌ವೇಗ್ ಎನ್ನುತ್ತಾರೆ. ಭಾರ ಎಳೆಯುವ ಕುದುರೆಗೆ ಏರು ಆಗದು, ಹಗ್ಗಕ್ಕೆ ಮರ ಅಡ್ಡ ಬರಬಾರದು. ಹಾಗಾಗಿ ದಾರಿ ಸಮತಟ್ಟು, ನೀರಿಗೆ ಅಂಟಿಕೊಂಡೇ ಹೋಗುತ್ತದೆ. ಇಂದಿನ ಸವಾರ ಉಸಿರು ಕಟ್ಟದೆ ತುಳಿಯುತ್ತಾನೆಂದರೆ ಅದು ಆ ಕುದುರೆಗಳ ಋಣ.

1829ರಲ್ಲಿ ವಿಯೆನ್ನಾದಲ್ಲಿ ಡ್ಯಾನ್ಯೂಬ್ ಉಗಿಹಡಗು ಕಂಪನಿ ಹುಟ್ಟಿತು. ಮುಂದೆ ರೈಲೂ ಬಂತು. ಕುದುರೆ ಸಾಕಿದವರು, ಹಗ್ಗ ಹೊಸೆದವರು, ದಂಡೆಯ ಛತ್ರದವರು ಒಂದೆರಡು ತಲೆಮಾರಿನಲ್ಲಿ ಕಸುಬು ಕಳೆದುಕೊಂಡರು. ದಾರಿ ಮಾತ್ರ ಉಳಿಯಿತು. ಹೊಳೆ ನೋಡಿಕೊಳ್ಳುವ ಇಲಾಖೆಯವರ ಓಡಾಟಕ್ಕೆ ಬೇಕೆಂದು ಅದನ್ನು ಇಟ್ಟುಕೊಂಡರು, ಬೇರೆ ವಾಹನಗಳಿಗೆ ಬಿಡಲಿಲ್ಲ. 1980ರ ದಶಕದಲ್ಲಿ ಸೈಕಲ್ಲಿಗೆ ತೆರೆದಾಗ ಹೊಸದಾಗಿ ಮಾಡಬೇಕಾದದ್ದು ಹೆಚ್ಚೇನೂ ಇರಲಿಲ್ಲ.

ದಂಡೆಯಲ್ಲಿ ಅಲ್ಲಲ್ಲಿ ಅಂಕಿಯ ಫಲಕಗಳು ನಿಂತಿವೆ. ಪಸ್ಸಾವಿನಲ್ಲಿ 2225ರ ಆಸುಪಾಸು.  ಡ್ಯಾನ್ಯೂಬಿನ ದೂರವನ್ನು ಕೆಳಗಿನಿಂದ ಮೇಲಕ್ಕೆ ಎಣಿಸುತ್ತಾರೆ. ಕಪ್ಪು ಸಮುದ್ರ ಸೇರುವ ಜಾಗವೇ ಸೊನ್ನೆ. ಸವಾರ ಮುಂದೆ ಹೋದಷ್ಟೂ ಅಂಕಿ ಇಳಿಯುತ್ತದೆ.

ಪಸ್ಸಾವ್ ಬಿಟ್ಟ ಮೇಲೆ ಹೊಳೆ ಗ್ರಾನೈಟ್ ಬೆಟ್ಟಗಳ ನಡುವೆ ನುಗ್ಗುತ್ತದೆ. ಶ್ಲೋಗೆನ್ ಎಂಬಲ್ಲಿ ಬೆಟ್ಟ ದಾರಿ ಕೊಡದೆ ಹೊಳೆ ಬಂದ ದಿಕ್ಕಿಗೇ ತಿರುಗಿಕೊಳ್ಳುತ್ತದೆ, ತಲೆಪಿನ್ನು ಬಗ್ಗಿಸಿದ ಹಾಗೆ. ಎಡದಂಡೆಯಲ್ಲಿ ಒಂದಿಷ್ಟು ದೂರ ಬಂಡೆ ನೇರ ನೀರಿಗೇ ಇಳಿದಿರುವುದರಿಂದ ಅಲ್ಲಿ ಸವಾರರು ಸೈಕಲ್ಲು ಸಮೇತ ದೋಣಿ ಹತ್ತುತ್ತಾರೆ. ದೋಣಿ ಆಚೆ ದಡಕ್ಕೆ ಹೋಗುವುದಿಲ್ಲ, ಅದೇ ದಡದಲ್ಲಿ ಮುಂದಕ್ಕೆ ಕರೆದೊಯ್ದು ಬಿಡುತ್ತದೆ. ಮುಂದೆ ಲಿಂಟ್ಸ್, ಉಕ್ಕಿನ ಕಾರ್ಖಾನೆಯ ದೊಡ್ಡ ಪಟ್ಟಣ. ಬಹಳ ಜನ ಕಾಫಿ ಕುಡಿದು ಮುಂದುವರಿಯುತ್ತಾರೆ.

ಲಿಂಟ್ಸ್ ದಾಟಿ ಕೆಲವು ಗಂಟೆ ತುಳಿದರೆ ಎಡದಂಡೆಯಲ್ಲಿ ಒಂದು ಅಂದದ ಊರು. ಹೊಳೆಗೆ ಮುಖ ಮಾಡಿದ ಬಣ್ಣಬಣ್ಣದ ಮನೆಗಳು, ಕಿಟಕಿಗಳಲ್ಲಿ ಹೂವಿನ ಕುಂಡ. ಊರಿನ ಹೆಸರು ಮೌಟ್‌ಹೌಸನ್. ಇಲ್ಲಿ ಒಂದು ಫಲಕ ಗುಡ್ಡದ ಕಡೆಗೆ ಕೈ ತೋರುತ್ತದೆ. ವಿಯೆನ್ನಾದ ಬೀದಿಗಳಿಗೆ ಹಾಸುಗಲ್ಲು ಹೋಗುತ್ತಿದ್ದದ್ದು ಆ ಗುಡ್ಡದಿಂದ. ಹಿಟ್ಲರನ ಜನ 1938ರಲ್ಲಿ ಆ ಕಲ್ಲುಗಣಿಯ ಪಕ್ಕದಲ್ಲೇ ಸೆರೆಶಿಬಿರ ಕಟ್ಟಿದರು. ಕೈದಿಗಳು ಬೆನ್ನ ಮೇಲೆ ಕಲ್ಲು ಹೊತ್ತು ಹತ್ತಿದ ಮೆಟ್ಟಿಲುಗಳು 186. ಮೌಟ್‌ಹೌಸನ್ ಮತ್ತು ಅದರ ಉಪಶಿಬಿರಗಳಿಗೆ ತಂದ ಸುಮಾರು 1,90,000 ಜನರಲ್ಲಿ ಕನಿಷ್ಠ 90,000 ಮಂದಿ ಸತ್ತರು. 1945ರ ಮೇ 5ರಂದು ಅಮೆರಿಕದ ಸೈನ್ಯ ಬಂದು ಬಿಡಿಸಿತು. ರೈಲಿನಲ್ಲಿ ತಂದ ಕೈದಿಗಳನ್ನು ಈ ಹೂಕುಂಡಗಳ ಬೀದಿಯಲ್ಲೇ ನಡೆಸಿ ಮೇಲಕ್ಕೆ ಕರೆದೊಯ್ದದ್ದು. ಹತ್ತಿರದ ಗುಸೆನ್‌ನಲ್ಲಿ ಶಿಬಿರವಿದ್ದ ಜಾಗದ ಮೇಲೆ ಯುದ್ಧವಾದ ಮೇಲೆ ಮನೆಗಳೇ ಎದ್ದವು.

ಇಡೀ ದಾರಿಯಲ್ಲಿ ನಿಜವಾಗಿ ಏದುಸಿರು ಬರಿಸುವ ಏರು ಎಂದರೆ ಈ ಶಿಬಿರಕ್ಕೆ ಹೋಗುವ ಕೆಲವು ಕಿಲೋಮೀಟರು. ಕೆಳಗಿನ ದಾರಿ ನುಣ್ಣಗಿದೆ, ನೆರಳಿದೆ, ಮುಂದಿನ ಊರಿನಲ್ಲಿ ಊಟ ಕಾದಿದೆ. ಹತ್ತದೆ ಹೋಗುವವರೂ ಇದ್ದಾರೆ. ರಜೆಗೆಂದು ಬಂದವರನ್ನು ಬೈಯುವಂತಿಲ್ಲ. ಆದರೂ ಅರ್ಧ ದಿನ ಕೊಟ್ಟು ಹತ್ತುವುದು ಮೇಲು. ಈ ಹೊಳೆಯ ಚೆಲುವನ್ನು ನೋಡಿ ಬಂದವರು ಅದರ ಮಗ್ಗುಲಲ್ಲಿ ನಡೆದದ್ದನ್ನು ನೋಡದೆ ಹೋದರೆ ಅರ್ಧ ಊರನ್ನಷ್ಟೇ ನೋಡಿದ ಹಾಗೆ.

ಮುಂದಿನದು ಗ್ರೈನ್. ಇದರ ಬಳಿ ಹೊಳೆಯಲ್ಲಿ ಬಂಡೆಗಳೂ ಸುಳಿಗಳೂ ಇದ್ದು ದೋಣಿಯವರಿಗೆ ಎದೆ ನಡುಗುತ್ತಿತ್ತು. ದೋಣಿಗಳನ್ನು ಪಾರು ಮಾಡಿಸಿಯೇ ಊರಿನವರು ಹೊಟ್ಟೆ ಹೊರೆದರು. ಆಮೇಲೆ ಸರ್ಕಾರ ಮದ್ದಿಟ್ಟು ಬಂಡೆಗಳನ್ನು ಒಡೆಸಿತು. ಊರ ಚೌಕದಲ್ಲಿ 1791ರ ಪುಟ್ಟ ನಾಟಕಶಾಲೆಯೊಂದಿದೆ, ಹಳೆಯ ಕಣಜದಲ್ಲಿ ಮಾಡಿದ್ದು. ಪಕ್ಕದಲ್ಲೇ ಊರಿನ ಬಂದೀಖಾನೆ. ಗೋಡೆಯ ಕಿಂಡಿಯಿಂದ ಕೈದಿಗೂ ನಾಟಕ ಕಾಣುತ್ತಿತ್ತಂತೆ. ಟಿಕೆಟ್ಟು ಕೊಳ್ಳದ ಪ್ರೇಕ್ಷಕ ಎಲ್ಲ ಕಾಲದಲ್ಲೂ ಇದ್ದಾನೆ!

ಪಸ್ಸಾವಿನಿಂದ ವಿಯೆನ್ನಾದವರೆಗೆ ಡ್ಯಾನ್ಯೂಬಿಗೆ ಹತ್ತು ವಿದ್ಯುತ್ ಕಟ್ಟೆಗಳು. ಈಬ್ಸ್ ಬಳಿಯದು 1959ರಲ್ಲಿ ಮುಗಿದದ್ದು. ಕಟ್ಟೆಗಳ ಹಿಂದೆ ಹೊಳೆ ಹೊಳೆಯಂತಿಲ್ಲ, ಉದ್ದನೆಯ ಕೆರೆಯಂತೆ ನಿಂತಿರುತ್ತದೆ. ಮೆಲ್ಕ್‌ನ ಕಟ್ಟೆ ದಾಟಿದ ಮೇಲೆ ಬದಲಾವಣೆ ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ನೀರು ದಡದ ಕಲ್ಲುಗಳಿಗೆ ಬಡಿದು ಓಡುತ್ತಿರುತ್ತದೆ. ಅಲ್ಲಿಂದ ಕ್ರೆಮ್ಸ್‌ವರೆಗಿನ ಮೂವತ್ತೈದು ಕಿಲೋಮೀಟರಿನಷ್ಟು ಕಣಿವೆಯೇ ವಾಖಾವ್.

ಈ ಕಣಿವೆಗೂ ಕಟ್ಟೆಯ ಯೋಜನೆ ಬಂದಿತ್ತು. 1970ರ ದಶಕದಲ್ಲಿ ಇಲ್ಲಿನ ಜನ ಸಂಘ ಕಟ್ಟಿ ಅದನ್ನು ವಿರೋಧಿಸಿದರು. ಕೊನೆಗೆ ಯೋಜನೆ ಕೈಬಿಟ್ಟುಹೋಯಿತು. 2000ದಲ್ಲಿ ಯುನೆಸ್ಕೋ ಈ ಕಣಿವೆಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸವಾರ ಇಂದು ನೋಡುವ ದಂಡೆ, ಮರಳದಿಣ್ಣೆ, ನೀರಿನ ಓಟ ಎಲ್ಲವೂ ಆ ಜಗಳದಲ್ಲಿ ಗೆದ್ದುಕೊಂಡದ್ದು.

ಕಣಿವೆಯ ಬಾಗಿಲಲ್ಲಿ ಬಂಡೆಯ ಮೇಲೆ ಮೆಲ್ಕ್‌ನ ಮಠ. ಸನ್ಯಾಸಿಗಳು 1089ರಿಂದ ಇಲ್ಲಿದ್ದಾರೆ. ಈಗ ಕಾಣುವ ಹಳದಿ ಬಣ್ಣದ ಭವ್ಯ ಕಟ್ಟಡ 1702ರಿಂದ 1736ರವರೆಗೆ ಎದ್ದದ್ದು. ಅಲ್ಲಿಂದ ಎರಡೂ ದಂಡೆಯ ಇಳಿಜಾರಿನಲ್ಲಿ ದ್ರಾಕ್ಷಿ, ಗಾರೆಯಿಲ್ಲದೆ ಬರಿ ಕಲ್ಲು ಜೋಡಿಸಿದ ಗೋಡೆಗಳ ಮೆಟ್ಟಿಲು ಮೆಟ್ಟಿಲು ತೋಟ. ವಿಲ್ಲೆನ್‌ಡಾರ್ಫ್ ಎಂಬ ಸಣ್ಣ ಹಳ್ಳಿಯಲ್ಲಿ 1908ರಲ್ಲಿ ರೈಲುಹಾದಿಯ ಕೆಲಸ ನಡೆಯುವಾಗ ಗೇಣಿಗಿಂತ ಚಿಕ್ಕದಾದ ಒಂದು ಕಲ್ಲಿನ ಹೆಣ್ಣು ಮೂರ್ತಿ ಸಿಕ್ಕಿತು. ವಯಸ್ಸು ಸುಮಾರು ಮೂವತ್ತು ಸಾವಿರ ವರ್ಷ. ಮೂಲ ಈಗ ವಿಯೆನ್ನಾದ ವಸ್ತುಸಂಗ್ರಹಾಲಯದಲ್ಲಿದೆ. ಹಳ್ಳಿಯಲ್ಲಿರುವುದು ಅದರ ಪ್ರತಿಕೃತಿ.

ವಾಖಾವಿನಲ್ಲಿ ದಾರಿ ಪೂರ್ತಿ ವಾಹನರಹಿತ ಎಂದರೆ ಸುಳ್ಳಾದೀತು. ಎಡದಂಡೆಯಲ್ಲಿ ಹೆದ್ದಾರಿಯ ಪಕ್ಕಕ್ಕೇ ಹೋಗಬೇಕಾದ ತುಂಡುಗಳಿವೆ. ಬಲದಂಡೆ ಸದ್ದಿಲ್ಲದ್ದು. ಏಪ್ರಿಕಾಟ್ ತೋಪುಗಳ ನಡುವೆ ಹಾದುಹೋಗುತ್ತದೆ. ಜುಲೈ ತಿಂಗಳಲ್ಲಿ ಹಣ್ಣು ಬಿದ್ದು ಗಮಗಮ ಎನ್ನುತ್ತಿರುತ್ತದೆ. ಈ ಹಣ್ಣನ್ನು ಇಡಿಯಾಗಿ ಹಿಟ್ಟಿನ ಉಂಡೆಯೊಳಗಿಟ್ಟು ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕೊಡುತ್ತಾರೆ. ನಮ್ಮ ಕಡುಬಿಗೆ ದೂರದ ಸೋದರಿ ಎನ್ನಬಹುದು. ಮನೆಬಾಗಿಲಿಗೆ ಹಸಿರು ಕೊಂಬೆಯ ಗೊಂಚಲು ನೇತುಹಾಕಿದ್ದರೆ ಆ ರೈತ ತನ್ನದೇ ದ್ರಾಕ್ಷಾರಸವನ್ನು ಮಾರುತ್ತಿದ್ದಾನೆ ಎಂದರ್ಥ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಬೆಳೆಗಾರರಿಗೆ ಕೊಟ್ಟ ಅಪ್ಪಣೆ ಅದು.

ಎರಡೂ ದಂಡೆ ನೋಡಬೇಕೆನ್ನುವವರಿಗೆ ಸ್ಪಿಟ್ಸ್‌ನಲ್ಲಿ ಅಥವಾ ವೈಸೆನ್‌ಕಿರ್ಖೆನ್‌ನಲ್ಲಿ ಕಡವು ಇದೆ. ಹೊಳೆಗೆ ಅಡ್ಡಲಾಗಿ ಎತ್ತರದಲ್ಲಿ ಉಕ್ಕಿನ ಹಗ್ಗ, ಅದರ ಮೇಲೆ ಉರುಳುವ ರಾಟೆ, ರಾಟೆಗೆ ಕಟ್ಟಿದ ದೋಣಿ. ದೋಣಿಯನ್ನು ಪ್ರವಾಹಕ್ಕೆ ಓರೆಯಾಗಿ ತಿರುಗಿಸಿದರೆ ನೀರೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಇಂಜಿನ್ನಿಲ್ಲ, ಹೊಗೆಯಿಲ್ಲ. ಹತ್ತಾರು ಸೈಕಲ್ಲು, ಒಂದೆರಡು ಕಾರು ಹೊತ್ತು ಸದ್ದಿಲ್ಲದೆ ಜಾರುತ್ತದೆ.

ವೈಸೆನ್‌ಕಿರ್ಖೆನ್ ಆಚೆಗೆ ಡ್ಯುರ್ನ್‌ಸ್ಟೈನ್. ಮೂರನೇ ಧರ್ಮಯುದ್ಧದಿಂದ ಮರಳುತ್ತಿದ್ದ ಇಂಗ್ಲೆಂಡಿನ ದೊರೆ ರಿಚರ್ಡನನ್ನು 1192ರ ಚಳಿಗಾಲದಲ್ಲಿ ಹಿಡಿದು ಇಟ್ಟಿದ್ದು ಈ ಊರಿನ ಮೇಲಿನ ಕೋಟೆಯಲ್ಲಿ. ಬಿಡಿಸಿಕೊಳ್ಳಲು ಇಂಗ್ಲೆಂಡು ಅಪಾರ ಬೆಳ್ಳಿ ತೆರಬೇಕಾಯಿತು. ಕೋಟೆ 1645ರಲ್ಲಿ ಸ್ವೀಡನ್ನಿನವರ ಕೈಯಲ್ಲಿ ಹಾಳಾಯಿತು. ಇಲ್ಲಿ ಹೆದ್ದಾರಿಯನ್ನು ಊರಿನಡಿಯ ಸುರಂಗಕ್ಕೆ ಇಳಿಸಿದ್ದಾರೆ. ಮೇಲಿನ ಹಳೇ ಬೀದಿ ಕಾಲ್ನಡಿಗೆಯವರದು ಮತ್ತು ಸೈಕಲ್ಲಿನವರದು. ಹಡಗಿನ ಪ್ರವಾಸಿಗಳು ಇಳಿದ ಹೊತ್ತಿನಲ್ಲಿ ಮಾತ್ರ ಸೈಕಲ್ಲು ತಳ್ಳಿಕೊಂಡೇ ಹೋಗಬೇಕು. ಬೆಳಿಗ್ಗೆ ಬೇಗ ಬಂದವರು ಜಾಣರು.

ಹೊಳೆ ಸದಾ ಹೀಗೆ ಸೌಮ್ಯವಾಗಿರುವುದಿಲ್ಲ. 2013ರ ಜೂನಿನಲ್ಲಿ ಪಸ್ಸಾವಿನಲ್ಲಿ ನೀರು 12.89 ಮೀಟರು ಮುಟ್ಟಿತು. 1501ರಿಂದ ಈಚೆಗೆ ಅಷ್ಟು ಎತ್ತರ ಬಂದಿರಲಿಲ್ಲ. ಅಲ್ಲಿನ ಪುರಭವನದ ಗೋಡೆಯ ಮೇಲೆ ಒಂದೊಂದು ಪ್ರವಾಹದ ಗುರುತನ್ನೂ ಬರೆದಿಟ್ಟಿದ್ದಾರೆ. ಹೊರಡುವ ಮುಂಚೆ ನೋಡಿ ಹೊರಡುವುದು ಒಳ್ಳೆಯದು.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರವಾಸದ ಕಾಲ. ಸೈಕಲ್ಲು ಬಾಡಿಗೆಗೆ ಸಿಗುತ್ತದೆ. ಸಾಮಾನನ್ನು ಒಂದು ವಸತಿಯಿಂದ ಮುಂದಿನದಕ್ಕೆ ಸಾಗಿಸಿಕೊಡುವವರೂ ಇದ್ದಾರೆ. ಕಾಲು ಸೋತವರು ಸೈಕಲ್ಲು ಸಮೇತ ರೈಲು ಹತ್ತಬಹುದು. ಕ್ರೆಮ್ಸ್ ನಂತರ ಬಯಲು, ಮತ್ತೆ ಕಟ್ಟೆಗಳು, ನೇರವಾದ ದಂಡೆ. ಒಂದು ದಿನದ ತುಳಿತಕ್ಕೆ ವಿಯೆನ್ನಾದ ಗೋಪುರಗಳು ಕಾಣಿಸುತ್ತವೆ. ಅಲ್ಲಿನ ದೊಡ್ಡ ಸೇತುವೆಯ ಬಳಿ ಅಂಕಿ 1929ಕ್ಕೆ ಇಳಿದಿರುತ್ತದೆ. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಗುರುತು ಹಾಕಿರುವ ಯೂರೋವೆಲೋ 6 ಎಂಬ ಉದ್ದನೆಯ ಸೈಕಲ್ ಹಾದಿಯ ಒಂದು ತುಂಡು ಇದು. ಬಹಳ ಜನ ಇಲ್ಲಿಂದ ಮನೆಗೆ ರೈಲು ಹಿಡಿಯುತ್ತಾರೆ. ಕೆಲವರು ಚಕ್ರಕ್ಕೆ ಗಾಳಿ ತುಂಬಿ, ನಕ್ಷೆಯ ಮುಂದಿನ ಹಾಳೆ ಮಗುಚಿ, ಬ್ರಾಟಿಸ್ಲಾವಾದ ಕಡೆಗೆ ಹೊರಡುತ್ತಾರೆ.