ಮಕ್ಕಳ ಉಸಿರು, ಮಕ್ಕಳ ಬುದ್ಧಿ

ಈ ಮಾಘಮಾಸದಲ್ಲಿ ಬೆಂಗಳೂರಿನ ಮಗನ ಮನೆಯಲ್ಲಿ ಕೆಲವು ದಿನ ಇರಬೇಕಾಯಿತು. ಮೊಮ್ಮಗನಿಗೆ ಒಂಬತ್ತು ವರ್ಷ. ಪಾಠದಲ್ಲಿ ಅವನ ಮನಸ್ಸು ನಿಲ್ಲದೆಂಬುದು ಸೊಸೆಯ ಕೊರಗು. ಇದಕ್ಕೆ ಮದ್ದು ನಮ್ಮಲ್ಲಿದೆಯೆಂದು ಹೇಳಿ, ಪ್ರಾತಃಕಾಲದ ಲಿಂಗಪೂಜೆ ಮುಗಿದ ಮೇಲೆ ಅವನನ್ನು ಬಾಲ್ಕನಿಯಲ್ಲಿ ಕೂರಿಸಿ, ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆಯುವುದನ್ನು ಕಲಿಸತೊಡಗಿದೆವು. ಮಠದಲ್ಲಿ ಗುರುಗಳು ನಮಗೆ ಕಲಿಸಿದ್ದು ಹಾಗೆಯೇ. ಮೂರನೆಯ ದಿನ ಬಾಲಕನು ಕೆಮ್ಮುತ್ತ, “ತಾತ, ಬರೀ ಬಸ್ಸಿನ ಹೊಗೆ ವಾಸನೆ” ಎಂದನು. ಕೆಳಗೆ ಬಗ್ಗಿ ನೋಡಿದೆವು. ಮೈಸೂರು ರಸ್ತೆಯಲ್ಲಿ ಅಷ್ಟು ಹೊತ್ತಿಗಾಗಲೇ ವಾಹನಗಳ ಸಾಲು ನಿಂತಲ್ಲೇ ಹೊಗೆಯುಗುಳುತ್ತಿತ್ತು.

ನಾಚಿಕೆಯೆನಿಸಿ, ಈ ವಿಷಯವಾಗಿ ವೈದ್ಯರು ಬರೆದುದನ್ನು ತರಿಸಿಕೊಂಡು ಓದಿದೆವು. ಹೊಗೆಯಲ್ಲಿನ ಅತಿಸೂಕ್ಷ್ಮ ಕಣಗಳು ಕೂದಲೆಳೆಯ ಮೂವತ್ತನೆಯ ಒಂದು ಭಾಗದಷ್ಟೂ ದಪ್ಪವಿರವು. ಅವು ಶ್ವಾಸಕೋಶದಿಂದ ರಕ್ತಕ್ಕಿಳಿಯುತ್ತವೆ. ಅವುಗಳಲ್ಲಿಯೂ ತೀರ ಸಣ್ಣವು ಮೂಗಿನ ನರದ ಹಾದಿಯಲ್ಲಿ ಮೆದುಳನ್ನೇ ಸೇರಬಲ್ಲವು. ದೊಡ್ಡವರಿಗಿಂತ ಮಕ್ಕಳು ಬೇಗಬೇಗ ಉಸಿರಾಡುತ್ತಾರೆ. ಅವರ ಮೆದುಳಾದರೋ ಇನ್ನೂ ಕಟ್ಟಿಕೊಳ್ಳುತ್ತಿರುತ್ತದೆ. ಸ್ಪೇನ್ ದೇಶದ ಬಾರ್ಸಿಲೋನಾ ನಗರದ 39 ಶಾಲೆಗಳಲ್ಲಿ 2012–13ರಲ್ಲಿ 2,700ಕ್ಕೂ ಹೆಚ್ಚು ಮಕ್ಕಳನ್ನು ಒಂದು ವರ್ಷ ಪರೀಕ್ಷಿಸಿದರು. ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಯೋಚಿಸುವ ಶಕ್ತಿ, ಗಾಳಿ ಶುದ್ಧವಿದ್ದ ಶಾಲೆಗಳಲ್ಲಿ ಶೇಕಡ 11.5ರಷ್ಟು ಬೆಳೆದರೆ, ವಾಹನದ ಹೊಗೆ ಹೆಚ್ಚಿದ್ದ ಶಾಲೆಗಳಲ್ಲಿ ಶೇಕಡ 7.4ರಷ್ಟು ಮಾತ್ರ ಬೆಳೆದಿತ್ತು. ಈ ಸೂಕ್ಷ್ಮ ಕಣಗಳಿಗೆ ನಮ್ಮ ದೇಶವು 2009ರಲ್ಲಿ ಗೊತ್ತುಪಡಿಸಿದ ವಾರ್ಷಿಕ ಮಿತಿ ಘನಮೀಟರಿಗೆ 40 ಮೈಕ್ರೋಗ್ರಾಮ್. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಮಗುವಿನ ಮೆದುಳು ಇವೆರಡರಲ್ಲಿ ಯಾವುದನ್ನು ಒಪ್ಪಿಕೊಂಡು ಬೆಳೆಯಬೇಕೋ!

ಓದುತ್ತ ಹೋದಂತೆ ಹಳೆಯದೊಂದು ನೆನಪು ಚುಚ್ಚಿತು. ತೊಂಬತ್ತರ ದಶಕದಲ್ಲಿ ನಾವು ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸುತ್ತಿದ್ದೆವು. ಕೊಠಡಿಯ ಕಿಟಕಿಗಳು ತೆರೆಯುತ್ತಿದ್ದುದು ರಸ್ತೆಗೆ. ಎಂಜಿನ್ನು ಬಡಿದುಕೊಳ್ಳದಿರಲೆಂದು ಅಂದಿನ ಪೆಟ್ರೋಲಿಗೆ ಸೀಸವನ್ನು ಬೆರೆಸುತ್ತಿದ್ದರು. ಅದು ಹೊಗೆಯೊಡನೆ ಬಂದು ಧೂಳಾಗಿ ಎಲ್ಲೆಡೆ ಕೂರುತ್ತಿತ್ತು. ಬೆಂಗಳೂರಿನ ಜಾರ್ಜ್ ಫೌಂಡೇಷನ್ ಸಂಸ್ಥೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿ 1999ರಲ್ಲಿ ಫಲಿತಾಂಶ ಹೊರಗೆಡಹಿತು: ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ರಕ್ತದಲ್ಲಿ ಸೀಸವು ಡೆಸಿಲೀಟರಿಗೆ 10 ಮೈಕ್ರೋಗ್ರಾಮನ್ನು ಮೀರಿತ್ತು. ಸೀಸವು ಎಳೆಯ ಮೆದುಳಿನ ಗ್ರಹಣಶಕ್ತಿಯನ್ನು ಕುಂದಿಸುತ್ತದೆ, ಗಮನವನ್ನು ಕದಡುತ್ತದೆ.

ಆ ಕೊಠಡಿಯಲ್ಲಿ ಶಬ್ದರೂಪಗಳನ್ನು ಒಪ್ಪಿಸಲಾರದೆ ತಡವರಿಸಿದ ಹುಡುಗರನ್ನು ನಾವು ‘ಜಡಮತಿ’ ಎಂದು ಜರೆದದ್ದುಂಟು. ಬೆತ್ತ ಹಿಡಿದದ್ದೂ ಉಂಟು. ಅವರಲ್ಲಿ ಯಾರ ತಡವರಿಕೆ ಸೀಸದಿಂದ, ಯಾರದು ಆಟದ ಹುಚ್ಚಿನಿಂದ ಎಂದು ಈಗ ಯಾರೂ ಹೇಳಲಾರರು. ಬೈಗುಳವಂತೂ ಎಲ್ಲರಿಗೂ ಸಮನಾಗಿಯೇ ಬಿತ್ತು.

2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲೇ ಬಂದಿತು. ಆಮೇಲೆ ಮುಂಬೈಯ ಮಕ್ಕಳ ರಕ್ತ ಪರೀಕ್ಷಿಸಿದವರು ಸೀಸ ಗಣನೀಯವಾಗಿ ಇಳಿದುದನ್ನು ಕಂಡರು. ಮಕ್ಕಳು ಹೆಚ್ಚು ಓದಿದ್ದರಿಂದ ಆದದ್ದಲ್ಲ ಇದು. ದೊಡ್ಡವರು ಒಂದು ಪದಾರ್ಥವನ್ನು ಬೆರೆಸುವುದನ್ನು ಬಿಟ್ಟದ್ದರಿಂದ ಆದದ್ದು. ಇಂದಿನ ಹೊಗೆಯ ಮೂಲ ಒಂದಲ್ಲ, ಹತ್ತಾರು. ಆದುದರಿಂದ ಕೆಲಸ ಕಷ್ಟ. ಆಗದ ಕೆಲಸವೆಂದು ನಾವು ಒಪ್ಪುವುದಿಲ್ಲ.

ಹರದನಹಳ್ಳಿಗೆ ಮರಳಿದಾಗ, ಇಲ್ಲಿನ ಗಾಳಿಯೇ ಗಾಳಿ ಎಂದು ಬೀಗಿದ್ದು ಒಂದೇ ರಾತ್ರಿ. ಬೆಳಗ್ಗೆ ಬಚ್ಚಲೊಲೆ ಹೊತ್ತಿಸುವಾಗ ತೆಂಗಿನ ಮಟ್ಟೆಯ ಕೆಳಗೆ ಮನೆಯವರು ಹಾಲಿನ ಪ್ಲಾಸ್ಟಿಕ್ ಕವರುಗಳನ್ನು ತುರುಕುತ್ತಿದ್ದರು. ಎಷ್ಟು ವರ್ಷದಿಂದಲೋ ನಮ್ಮ ಕಣ್ಣೆದುರಿಗೇ ನಡೆದಿದ್ದ ಪದ್ಧತಿ. ಕೇಳಿದರೆ, “ಬೇಗ ಹತ್ತಿಕೊಳ್ಳುತ್ತೆ, ಪೂಜೆಗೆ ನಿಮಗೇ ತಾನೆ ಬೇಗ ನೀರು ಕಾಯಬೇಕು” ಎಂದರು. ಉತ್ತರ ಹೊಳೆಯಲಿಲ್ಲ.

ಬೇಸಿಗೆ ರಜೆಗೆ ಮೊಮ್ಮಗ ಬರುತ್ತಾನೆ. ಆ ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಉರಿ ಹಾಕುವುದೆಂದರೆ ಅವನಿಗೆ ಬಲು ಇಷ್ಟ. ಕವರುಗಳ ಗಂಟನ್ನು ಒಲೆಯ ಬಳಿಯಿಂದ ತೆಗೆಸಿದ್ದೇವೆ. ಈಗ ಒಣಗಿದ ಗರಿಯಿಂದಲೇ ಬೆಂಕಿ ಹೊತ್ತಿಸುತ್ತಾರೆ. ಪೂಜೆಗೆ ಕೂರುವುದು ಕಾಲುಗಂಟೆ ತಡವಾಗುತ್ತಿದೆ.